ಮಿಸ್ ವರ್ಲ್ಡ್ 2025 ಫೈನಲ್: ಕಿರೀಟ ತೋರಿಸಿದರು, ಲೆಕ್ಕ ತೋರಿಸಲಿಲ್ಲ

ಹೈದರಾಬಾದಿನ ಹೈಟೆಕ್ಸ್‌ನಲ್ಲಿ 2025ರ ಮೇ 31ರಂದು ನಡೆದ 72ನೇ ಮಿಸ್ ವರ್ಲ್ಡ್ ಫೈನಲ್‌ನ ನೇರಪ್ರಸಾರದ ಬಗ್ಗೆ ಇದು. ಇಂಥ ಸ್ಪರ್ಧೆ ಬೇಕಾ ಬೇಡವಾ ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ, ಅದನ್ನು ನಮ್ಮ ಬೆಂಗಳೂರಿನವರು 1996ರಲ್ಲಿ ಇಲ್ಲಿ ಮಿಸ್ ವರ್ಲ್ಡ್ ನಡೆದಾಗಲೇ ಬೀದಿಗಿಳಿದು ಆಡಿದ್ದಾರೆ. ಇಲ್ಲಿ ಬರೆಯುತ್ತಿರುವುದು ಟಿವಿ ಮುಂದೆ ಕೂತು ನೋಡಿದವಳ ಕಷ್ಟಸುಖ ಅಷ್ಟೇ.

ಅವತ್ತು ಶನಿವಾರ. ಎರಡು ದಿನ ಮೊದಲು ಆರ್‌ಸಿಬಿ ಪಂಜಾಬನ್ನು ಸೋಲಿಸಿ ಫೈನಲ್‌ಗೆ ಹೋಗಿತ್ತು, ಬಸವನಗುಡಿಯಿಂದ ಹೆಬ್ಬಾಳದವರೆಗೆ ಎಲ್ಲರ ಬಾಯಲ್ಲೂ ಅದೇ ಮಾತು. ಪುಣ್ಯಕ್ಕೆ ಶನಿವಾರ ಐಪಿಎಲ್ ಪಂದ್ಯ ಇರಲಿಲ್ಲ, ಹಾಗಾಗಿ ರಿಮೋಟ್ ನನ್ನ ಕೈಗೆ ಸಿಕ್ಕಿತು. ಆ್ಯಪ್‌ನಲ್ಲಿ ನೋಡಿದ್ದು. ಮಧ್ಯೆ ಮಧ್ಯೆ ಚಕ್ರ ತಿರುಗುತ್ತಾ ನಿಂತುಬಿಡುತ್ತಿತ್ತು, ಅದು ನಮ್ಮ ಇಂಟರ್ನೆಟ್ಟಿನ ಕರ್ಮವೋ ಆ್ಯಪ್‌ನವರದ್ದೋ ಜಗಳ ಬೇಡ.

ಚೆನ್ನಾಗಿದ್ದದ್ದು ಮೊದಲು ಹೇಳಿಬಿಡುತ್ತೇನೆ. ವೇದಿಕೆ ಚೆಂದ, ಬೆಳಕು ಚೆಂದ, ಸೀರೆ ಗೌನುಗಳ ಬಗ್ಗೆ ಮಾತೇ ಇಲ್ಲ. ನಿರೂಪಣೆಗೆ 2016ರ ಮಿಸ್ ವರ್ಲ್ಡ್ ಸ್ಟೆಫಾನಿ ಡೆಲ್ ವಾಯೆ ಇದ್ದರು, ಜೊತೆಗೆ ಸಚಿನ್ ಕುಂಭಾರ್. ಸ್ಟೆಫಾನಿ ಆ ವೇದಿಕೆಯ ಮೇಲೆ ತಾವೇ ನಿಂತು ಗೆದ್ದವರು, ಆ ನಿರಾಳ ಅವರ ಮಾತಿನಲ್ಲೂ ಕಾಣಿಸುತ್ತಿತ್ತು. ಜಾಕ್ವೆಲಿನ್ ಫರ್ನಾಂಡಿಸ್, ಇಶಾನ್ ಖಟ್ಟರ್ ಕುಣಿತ ಇತ್ತು. ಆ ಹೊತ್ತಿಗೆ ನಾನು ಎದ್ದು ಹೋಗಿ ಅನ್ನಕ್ಕೆ ಇಟ್ಟು ಬಂದೆ.

ಈಗ ನನ್ನ ತಕರಾರು. 108 ದೇಶಗಳ ಹುಡುಗಿಯರು ಬಂದಿದ್ದರು. ಅದರಲ್ಲಿ 40 ಜನ ಕ್ವಾರ್ಟರ್ ಫೈನಲ್‌ಗೆ, ಆಮೇಲೆ 20, ಆಮೇಲೆ 8, ಕೊನೆಗೆ 4. ಕೇಳೋಕೆ ಸರಳ. ಆದರೆ ಈ ಸಲ ಇಡೀ ಸ್ಪರ್ಧೆ ಖಂಡಗಳ ಲೆಕ್ಕದಲ್ಲಿ ನಡೆಯಿತು: ಅಮೆರಿಕ ಮತ್ತು ಕೆರಿಬಿಯನ್ ಒಂದು, ಆಫ್ರಿಕಾ ಒಂದು, ಯುರೋಪ್ ಒಂದು, ಏಷ್ಯಾ ಮತ್ತು ಓಷಿಯಾನಿಯಾ ಒಂದು. ಪ್ರತಿ ಗುಂಪಿನಿಂದ ಹತ್ತು, ಅದರಲ್ಲಿ ಐದು, ಅದರಲ್ಲಿ ಎರಡು, ಕೊನೆಗೆ ಒಬ್ಬರು. ಅಂದರೆ ಭಾರತದ ಸ್ಪರ್ಧಿ ನಂದಿನಿ ಗುಪ್ತಾ ಕೊನೆಯ ನಾಲ್ವರೊಳಗೆ ಹೋಗಬೇಕಾದರೆ ಪೋಲೆಂಡ್ ಹುಡುಗಿಯ ಜೊತೆ ಸ್ಪರ್ಧೆಯೇ ಇಲ್ಲ. ಥಾಯ್ಲೆಂಡ್, ಫಿಲಿಪ್ಪೀನ್ಸ್, ಇಂಡೋನೇಷ್ಯಾ, ವಿಯೆಟ್ನಾಂ, ಇವರನ್ನು ದಾಟಬೇಕು. ಅಂಥ ಗುಂಪಿನಲ್ಲಿ ಒಂದೇ ಸೀಟು ಅಂದರೆ ಕಷ್ಟ ಎಷ್ಟು ಅಂತ ನೀವೇ ಯೋಚಿಸಿ. ಆಫ್ರಿಕಾದಿಂದ ಒಬ್ಬರು ಖಂಡಿತ ಕೊನೆಯ ನಾಲ್ವರಲ್ಲಿ ಇರುತ್ತಾರೆ ಅನ್ನುವುದು ಈ ಪದ್ಧತಿಯ ಒಳ್ಳೆಯ ಮುಖ, ಅದನ್ನು ನಾನು ಒಪ್ಪುತ್ತೇನೆ. ಆದರೆ ಪ್ರಸಾರ ಇದನ್ನು ಪಟ್ಟಿ ಮಾಡಿ ಬಿಡಿಸಿ ತೋರಿಸಬೇಕಿತ್ತು. ಐಪಿಎಲ್ ನೋಡುವ ನಮ್ಮ ಮನೆಯ ಎಂಟು ವರ್ಷದ ಹುಡುಗನಿಗೂ ನೆಟ್ ರನ್ ರೇಟ್ ಗೊತ್ತು, ಯಾಕೆಂದರೆ ಚಾನೆಲ್‌ನವರು ಪಾಯಿಂಟ್ ಪಟ್ಟಿಯನ್ನು ದಿನಾ ಕಣ್ಣಿಗೆ ಹಿಡಿಯುತ್ತಾರೆ. ಇಲ್ಲಿ ಹೆಸರು ಕೂಗುವುದು, ಹುಡುಗಿ ಬಾಯಿ ಮುಚ್ಚಿಕೊಂಡು ಅಳುವುದು, ಮುಂದಿನ ಹೆಸರು.

ನಂದಿನಿ ವಿಷಯವನ್ನೇ ನೋಡಿ. ರಾಜಸ್ಥಾನದ ಕೋಟಾದವರು. ಟಾಪ್ ಮಾಡೆಲ್ ಸುತ್ತಿನಲ್ಲಿ ಏಷ್ಯಾ ಗುಂಪಿಗೆ ಅವರೇ ಗೆದ್ದಿದ್ದರು, ಹಾಗಾಗಿ 40ರೊಳಗೆ ಜಾಗ ಮೊದಲೇ ಖಾತ್ರಿ. 20ರಲ್ಲೂ ಹೆಸರು ಬಂತು. 8ಕ್ಕೆ ಇಳಿದಾಗ ಏಷ್ಯಾದಿಂದ ಫಿಲಿಪ್ಪೀನ್ಸ್ ಮತ್ತು ಥಾಯ್ಲೆಂಡ್ ಹೋದವು, ನಂದಿನಿ ಹೊರಗೆ. ಪಕ್ಕದಲ್ಲಿ ಕೂತಿದ್ದ ಅತ್ತೆ, "ಅಯ್ಯೋ, ಯಾಕಂತಮ್ಮಾ?" ಅಂದರು. ಏನು ಹೇಳಲಿ ಅತ್ತೆ, ಅಂಕ ಎಷ್ಟು, ಯಾವ ಸುತ್ತಿಗೆ ಎಷ್ಟು ತೂಕ, ಯಾರು ಕೊಟ್ಟರು, ಒಂದೂ ಪರದೆಯ ಮೇಲೆ ಇಲ್ಲ.

ನಿಜವಾದ ಸ್ಪರ್ಧೆ ಬಹುಪಾಲು ಆ ರಾತ್ರಿಗೆ ಮೊದಲೇ ಮುಗಿದಿರುತ್ತದೆ. ಟ್ಯಾಲೆಂಟ್ ಸುತ್ತನ್ನು ಇಂಡೋನೇಷ್ಯಾದ ಹುಡುಗಿ ಗೆದ್ದಿದ್ದು, ಸ್ಪೋರ್ಟ್ಸನ್ನು ಎಸ್ಟೋನಿಯಾದವರು. ಮಲ್ಟಿಮೀಡಿಯಾದಲ್ಲಿ ಏಷ್ಯಾಕ್ಕೆ ಥಾಯ್ಲೆಂಡ್‌ನ ಓಪಲ್ ಸುಚಾತಾ ಗೆದ್ದರು, ಮುಂದೆ ಕಿರೀಟವೂ ಅವರಿಗೇ ಹೋಯಿತು. ಹೆಡ್ ಟು ಹೆಡ್ ಅಂತ ಮಾತಿನ ಸುತ್ತು ಇದೆ, ಹುಡುಗಿಯರು ತಾವು ಮಾಡುವ ಸಮಾಜಸೇವೆಯ ಬಗ್ಗೆ ಮಾತಾಡುತ್ತಾರೆ, ನನಗೆ ಇಡೀ ಹಬ್ಬದಲ್ಲಿ ಆಸಕ್ತಿ ಇರುವುದು ಅದೊಂದರಲ್ಲೇ. ಫೈನಲ್ ರಾತ್ರಿ ನಾಚ್ ಗಾನಾಕ್ಕೆ ಸಿಕ್ಕಷ್ಟು ಜಾಗ ಅದಕ್ಕೆ ಸಿಗಲಿಲ್ಲ.

ಚಿನ್ನಸ್ವಾಮಿ ಸ್ಟೇಡಿಯಂನ 1996ರ ಕಾರ್ಯಕ್ರಮದ ತುಣುಕುಗಳನ್ನು ಆಮೇಲೆ ಹುಡುಕಿ ನೋಡಿದೆ. ನವೆಂಬರ್ 23, ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಕಂಪನಿ ನಡೆಸಿದ್ದು, ಗೆದ್ದವರು ಗ್ರೀಸ್‌ನ ಐರಿನ್ ಸ್ಕ್ಲೀವಾ. ಹೊರಗೆ ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ, ಮಹಿಳಾ ಸಂಘಟನೆಗಳು, ಸಾವಿರಾರು ಪೊಲೀಸರು. ಈಜುಡುಗೆ ಸುತ್ತನ್ನು ಸೆಶೆಲ್ಸ್‌ಗೆ ಸಾಗಿಸಬೇಕಾಯಿತು. ಚಿತ್ರ ಮಂಜು ಮಂಜು, ನಿರೂಪಕಿ ರೂಬಿ ಭಾಟಿಯಾ ಮಾತು ಸ್ವಲ್ಪ ಜೋರು, ಆದರೂ ಬಯಲು ಸ್ಟೇಡಿಯಂನಲ್ಲಿ ಜನ ಕೂತಿದ್ದಾರೆ, ಒಂದು ಊರಿನಲ್ಲಿ ನಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಹೈಟೆಕ್ಸ್ ಒಳಾಂಗಣ. ದುಬೈ ಅಂದರೂ ನಂಬಬಹುದು. ತೆಲಂಗಾಣ ಸರ್ಕಾರ ಪ್ರವಾಸೋದ್ಯಮಕ್ಕೆ ಅಂತ ಇಷ್ಟೆಲ್ಲಾ ಮಾಡಿಸಿದ್ದು, ಚಾರ್ಮಿನಾರು ಸುತ್ತಿಸಿದರು, ರಾಮಪ್ಪ ದೇವಸ್ಥಾನಕ್ಕೂ ಕರೆದುಕೊಂಡು ಹೋದರು. ಅಲ್ಲಿ ಸ್ಥಳೀಯ ಹೆಂಗಸರು ಸ್ಪರ್ಧಿಗಳ ಕಾಲು ತೊಳೆದ ವಿಡಿಯೋ ಬಂದು ದೊಡ್ಡ ಗಲಾಟೆಯೇ ಆಯಿತು. ಅತಿಥಿ ಸತ್ಕಾರ ಅಂತ ನಡೆಸಿದವರ ವಾದ. ನೋಡೋಕೆ ನನಗಂತೂ ಮುಜುಗರವಾಯಿತು.

ಕೊನೆಯ ನಾಲ್ವರು: ಥಾಯ್ಲೆಂಡ್, ಇಥಿಯೋಪಿಯಾ, ಪೋಲೆಂಡ್, ಮಾರ್ಟಿನೀಕ್. ಒಬ್ಬೊಬ್ಬರಿಗೆ ಒಂದೊಂದೇ ಪ್ರಶ್ನೆ. ಇಷ್ಟು ಹೊತ್ತು ಕಾದಿದ್ದಕ್ಕೆ ಇಷ್ಟೇನಾ ಅನ್ನಿಸಿತು. ಓಪಲ್ ಉತ್ತರ ಚೆನ್ನಾಗಿತ್ತು: ನಮಗೆ ಎಷ್ಟೇ ವಯಸ್ಸಾಗಿರಲಿ, ಯಾವ ಪಟ್ಟವೇ ಇರಲಿ, ನಮ್ಮನ್ನು ನೋಡಿ ಕಲಿಯುವವರು ಇದ್ದೇ ಇರುತ್ತಾರೆ, ಹಾಗಾಗಿ ನಡೆದುಕೊಂಡು ತೋರಿಸಬೇಕು ಅನ್ನುವ ಅರ್ಥದ ಮಾತು. ಹದಿನಾರನೇ ವಯಸ್ಸಿಗೆ ಸ್ತನದ ಗೆಡ್ಡೆ ತೆಗೆಸಿಕೊಂಡ ಹುಡುಗಿ, ಸ್ತನ ಕ್ಯಾನ್ಸರ್ ಬಗ್ಗೆ ಕೆಲಸ ಮಾಡುತ್ತಾರೆ. ಇದನ್ನು ನಾನು ಮಾರನೇ ದಿನ ಪೇಪರಿನಲ್ಲಿ ಸರಿಯಾಗಿ ಓದಿಕೊಂಡೆ. ಅವರನ್ನೇ ಕೂರಿಸಿ ಐದು ನಿಮಿಷ ಮಾತಾಡಿಸಿದ್ದರೆ ಏನು ಹೋಗುತ್ತಿತ್ತು?

5ಕ್ಕೆ 2 ಕೊಡುತ್ತೇನೆ. ಅರ್ಧ ಅಂಕ ಸ್ಟೆಫಾನಿಗೆ, ಒಂದೂವರೆ ಬಟ್ಟೆಗಳಿಗೆ. ಈಗ ನೋಡಬೇಕು ಅನ್ನುವವರು ಮೊದಲಿಂದ ನೋಡಬೇಡಿ, 8 ಜನ ಉಳಿಯುವ ಹೊತ್ತಿಗೆ ಓಡಿಸಿಕೊಂಡು ಹೋಗಿ. ಅದಕ್ಕೂ ಮುಂಚೆ ಹೆಡ್ ಟು ಹೆಡ್ ಸುತ್ತಿನ ತುಣುಕು ಸಿಕ್ಕರೆ ನೋಡಿಕೊಳ್ಳಿ, ಯುರೋಪಿನಿಂದ ಗೆದ್ದ ವೇಲ್ಸ್ ಹುಡುಗಿಯಿಂದಲೇ ಶುರು ಮಾಡಿ.