ಮಾವನ ಸುರಂಗವನ್ನು ನಾನು ಊರಿಗೆಲ್ಲ ಹಂಚಿಬಿಟ್ಟೆ

ದಾಳ ಉರುಳಿಸಿ ಕಥೆ ಕಟ್ಟುವ ಆಟ ಆಡುವವರು, ಅದಕ್ಕಾಗಿ ಮನೆಯಲ್ಲೇ ಸಾಹಸ (ಆಡಲು ಬೇಕಾದ ಕಥೆ, ನಕ್ಷೆ) ಬರೆದು ಬೇರೆಯವರಿಗೆ ಕೊಡುವವರು ದಯವಿಟ್ಟು ಇದನ್ನು ಓದಿ. ಅದರಲ್ಲೂ ನಿಮ್ಮ ಊರಿನ ಗುಡ್ಡ, ತೋಟ, ದೈವಸ್ಥಾನಗಳನ್ನು ಕಥೆಯೊಳಗೆ ತರುವ ಆಸೆ ಇದ್ದರೆ ಕೊನೆಯವರೆಗೆ ಓದಿ. ನಾನು ಬರೆದ ಒಂದು ಸಾಹಸದಿಂದ ಹೋದ ಮಳೆಗಾಲದಲ್ಲಿ ನಾಲ್ಕು ಹುಡುಗರ ಜೀವಕ್ಕೆ ಅಪಾಯ ಬಂದಿತ್ತು. ನನ್ನ ಸೋದರಮಾವನ ಮನೆಯಲ್ಲಿ ಮೂರು ವಾರ ಕುಡಿಯುವ ನೀರು ಇರಲಿಲ್ಲ.

ನಮ್ಮದು ಮಂಜೇಶ್ವರ ತಾಲೂಕು. ಊರಿನ ಹೆಸರು ಬರೆಯುವುದಿಲ್ಲ, ಯಾಕೆಂದು ಮುಂದೆ ಗೊತ್ತಾಗುತ್ತದೆ. ಭಾನುವಾರ ಊಟವಾದ ಮೇಲೆ ನಾವು ಐದು ಜನ ಚಾವಡಿಯಲ್ಲಿ ಕೂತು ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ. 2014ರಲ್ಲಿ ಬಂದ ಐದನೇ ಆವೃತ್ತಿಯದ್ದು. ಮಾತೆಲ್ಲ ಕನ್ನಡ, ತುಳು, ಮಲಯಾಳ ಕಲಸಿದ್ದು. ಕಥೆ ನಡೆಸುವ ಡಿಎಂ ನಾನು. ಪುಸ್ತಕದ ಸಾಹಸಗಳಲ್ಲಿ ಹಿಮ, ಕಲ್ಲಿನ ಕೋಟೆ, ನಾವು ಕಣ್ಣಲ್ಲಿ ಕಾಣದ ಮರಗಳು. ಡಂಜನ್ ಅಂದರೆ ಕಥೆಯಲ್ಲಿ ಪಾತ್ರಗಳು ಇಳಿದು ಹುಡುಕಾಡುವ ನೆಲದಡಿಯ ಕತ್ತಲ ಜಾಗ. ಒಂದು ದಿನ ನನ್ನ ತಂಗಿ ಕೇಳಿದಳು, "ಅಣ್ಣ, ಡಂಜನ್ ಅಂದ್ರೆ ದೊಡ್ಡಮಾವನ ಸುರಂಗದ ಹಾಗೆ ಇರುವುದಾ?"

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಿಜ ಅಲ್ವಾ? ನಮ್ಮ ಕಾಸರಗೋಡಿನ ಗುಡ್ಡಗಳ ಒಳಗೆ ಇರುವುದೆಲ್ಲ ಡಂಜನ್ನುಗಳೇ.

ಈ ಕಡೆಯವರಲ್ಲದವರಿಗೆ ಸ್ವಲ್ಪ ಹೇಳಬೇಕು. ಸುರಂಗ ಅಂದರೆ ನೀರಿಗಾಗಿ ಗುಡ್ಡದ ಬದಿಗೆ ಅಡ್ಡಕ್ಕೆ ತೋಡಿದ ದಾರಿ. ಬಾವಿ ಕೆಳಗೆ ಹೋಗುತ್ತದೆ, ಇದು ಒಳಗೆ ಹೋಗುತ್ತದೆ. ಮುರಕಲ್ಲಿನಲ್ಲಿ (ಜಂಬಿಟ್ಟಿಗೆ ಕಲ್ಲು) ಇಂಗಿದ ಮಳೆನೀರು ಒಳಗಿನ ಗೋಡೆಯಿಂದ ಜಿನುಗುತ್ತದೆ. ನೆಲಕ್ಕೆ ಸ್ವಲ್ಪ ಇಳಿಜಾರು ಇಟ್ಟಿರುತ್ತಾರೆ. ನೀರು ತಾನಾಗಿ ಹೊರಗೆ ಹರಿದು ಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ಮೊದಲೆಲ್ಲ ಅಡಿಕೆ ಮರದ ದಂಬೆಯಲ್ಲಿ ನೀರನ್ನು ಅಂಗಳದವರೆಗೆ ತರುತ್ತಿದ್ದರು, ಈಗ ಪೈಪು. ಒಳಗೆ ಒಬ್ಬರು ಹೋಗುವಷ್ಟೇ ಅಗಲ. ಕೆಲವು ಕಡೆ ಬಗ್ಗಿ ಹೋಗಬೇಕು. ತೋಡುವಾಗ ಒಬ್ಬರು ಕುಕ್ಕರುಗಾಲಲ್ಲಿ ಕೂತು ಪಿಕ್ಕಾಸಿನಲ್ಲಿ ಕಡಿಯುತ್ತಾರೆ, ಇನ್ನೊಬ್ಬರು ಮಣ್ಣು ಹೊರಗೆ ಎಳೆಯುತ್ತಾರೆ. ಪಕ್ಕದಲ್ಲಿ ಒಂದು ದೀಪ. ದೀಪ ಸಣ್ಣಗಾಯಿತು ಅಂದರೆ ಗಾಳಿ ಸಾಲದು ಅಂತ ಲೆಕ್ಕ, ಕೂಡಲೇ ಹೊರಗೆ ಬರಬೇಕು. ಉದ್ದದ ಸುರಂಗಗಳಿಗೆ ಮೇಲಿನಿಂದ ಗಾಳಿಗಂಡಿ ಬಿಟ್ಟಿರುತ್ತಾರೆ. ಕವಲುಗಳಿರುತ್ತವೆ. ಬಾವಲಿ ಇರುತ್ತದೆ, ಹಾವೂ ಇರಬಹುದು.

ಡಿಎಂ ಆದವನಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಆರು ತಿಂಗಳು ಬರೆದೆ. ಮಾವನ ಸುರಂಗದ ಒಳಗಿನ ನಕ್ಷೆಯನ್ನು ಅಡಿ ಲೆಕ್ಕದಲ್ಲಿ ಹಾಗೇ ಬಿಡಿಸಿದೆ. ಬಸ್ ಸ್ಟಾಪಿನಿಂದ ಸುರಂಗದ ಬಾಯಿಯವರೆಗಿನ ದಾರಿಯನ್ನು ಹಾಲಿನ ಸೊಸೈಟಿ, ಹಲಸಿನ ಮರ, ತೋಡಿನ ಸಂಕದ ಸಮೇತ ಬರೆದೆ. ಎಲ್ಲವೂ ನಿಜವಾದಷ್ಟು ಆಟಕ್ಕೆ ಜೀವ ಬರುತ್ತದೆ ಅಂದುಕೊಂಡಿದ್ದೆ. ಕೆಟ್ಟ ಗಾಳಿಗೆ ನಿಯಮ ಮಾಡಿದೆ. ಗಾಳಿ ಸಾಲದ ಕವಲಿಗೆ ಹೋದರೆ ಕಾನ್‌ಸ್ಟಿಟ್ಯೂಷನ್ ಸೇವ್, ಅಂದರೆ ಪಾತ್ರದ ಮೈ ತಾಳುತ್ತದಾ ಅಂತ ನೋಡುವ ಪರೀಕ್ಷೆ, ಇಪ್ಪತ್ತು ಮುಖದ ದಾಳದಲ್ಲಿ ಎಲ್ಲ ಸೇರಿ 12 ಬರಬೇಕು. ಬರದಿದ್ದರೆ ಒಂದು ಹಂತದ ಆಯಾಸ. ಆ ಆವೃತ್ತಿಯಲ್ಲಿ ಆಯಾಸಕ್ಕೆ ಆರು ಹಂತ, ಆರನೆಯದಕ್ಕೆ ಸಾವು. ಹೊಟ್ಟೆಗೆ ತಿಂದು ಒಂದು ರಾತ್ರಿ ಮಲಗಿದರೆ ಒಂದು ಹಂತ ಇಳಿಯುತ್ತದೆ. ಇನ್ನೊಂದು ಕೆಲಸ ಮಾಡಿದೆ, ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮಾವನ ಸುರಂಗದ ಕೊನೆಯಲ್ಲಿ ನೀರು ನಿಲ್ಲಿಸಲು ಜೇಡಿಮಣ್ಣಿನ ಒಂದು ಸಣ್ಣ ದಂಡೆ ಇದೆ. ಅದರ ಬುಡದಲ್ಲಿ ಪೈಪು ಕೂರಿಸಿದ್ದಾರೆ. ಆ ದಂಡೆಯ ಹಿಂದೆ ನಿಧಿಯ ಪೆಟ್ಟಿಗೆ ಹೂತಿದೆ ಅಂತ ಬರೆದೆ.

ಸುರಂಗದ ಬಾಯಲ್ಲಿ ನಮ್ಮ ಕಡೆಯವರು ನಂಬುವ ದೈವ ಗುಳಿಗನನ್ನೂ ಇಟ್ಟೆ. ಕೈಮುಗಿದು ಅಪ್ಪಣೆ ಕೇಳಿದರೆ ಮಾತ್ರ ಒಳಗೆ ದಾರಿ. ಯುದ್ಧವಿಲ್ಲ, ಯುದ್ಧಕ್ಕೆ ಬೇಕಾದ ಅಂಕೆಗಳೂ ಇಲ್ಲ. ಅಷ್ಟು ಭಕ್ತಿ ನನಗಿತ್ತು.

ಭಾನುವಾರದ ಆಟ ಚೆನ್ನಾಗಿ ನಡೆಯಿತು. ನಮ್ಮವರು ಸುರಂಗ ಬಲ್ಲವರು. ಮಾವನ ಹೆಸರು ಬಂದಾಗ ನಕ್ಕರು, ದೈವದ ಮುಂದೆ ನಿಜವಾಗಿಯೂ ಕೈಮುಗಿದರು. ತಂಗಿ "ಇದನ್ನು ಎಲ್ಲರಿಗೂ ಕೊಡು" ಅಂದಳು.

ಕೊಡುವಾಗ ನಾನು ಕಾನೂನಿನ ಕಡೆಯಿಂದ ತುಂಬಾ ಜಾಗ್ರತೆ ಮಾಡಿದೆ. ಈ ಆಟದವರಿಗೆ 2023ರ ಜನವರಿ ನೆನಪಿರಬಹುದು. 2000ದಿಂದ ನಡೆದುಬಂದಿದ್ದ ಮುಕ್ತ ಪರವಾನಗಿಯನ್ನು ಈ ಆಟದ ಕಂಪನಿ ಬದಲಿಸುತ್ತದೆ ಎಂಬ ಸುದ್ದಿ ಹೊರಬಂದು ದೊಡ್ಡ ಗಲಾಟೆಯಾಯಿತು. ಕೊನೆಗೆ ಆ ತಿಂಗಳ 27ರಂದು ಮೂಲ ನಿಯಮಗಳ ದಾಖಲೆಯಾದ ಎಸ್‌ಆರ್‌ಡಿ 5.1 ಅನ್ನು ಕ್ರಿಯೇಟಿವ್ ಕಾಮನ್ಸ್ ಬಿವೈ 4.0 ಅಡಿಯಲ್ಲಿ ಬಿಟ್ಟರು. ಅಂದರೆ ಕೊಟ್ಟವರ ಹೆಸರು ಹೇಳಿದರೆ ಸಾಕು, ಯಾರೂ ಬಳಸಬಹುದು, ತಿದ್ದಬಹುದು, ಮಾರಲೂಬಹುದು. ನಾನು ಎಸ್‌ಆರ್‌ಡಿಯಲ್ಲಿ ಇರುವ ಪ್ರಾಣಿಗಳನ್ನೇ ಬಳಸಿದೆ. ಬೀಹೋಲ್ಡರ್, ಮೈಂಡ್ ಫ್ಲೇಯರ್ ತರಹ ಕಂಪನಿ ತನಗೇ ಇಟ್ಟುಕೊಂಡವನ್ನು ಮುಟ್ಟಲಿಲ್ಲ. ಅವರ ಹೆಸರು ಹೇಳುವ ಸಾಲನ್ನು ಮೊದಲ ಪುಟದಲ್ಲೇ ಹಾಕಿದೆ. ಅವರು ಹೀಗೆ ಕೊಟ್ಟಿದ್ದಾರೆ, ನಾನೂ ಹೀಗೇ ಕೊಡುತ್ತೇನೆ ಅಂತ ನನ್ನ ಸಾಹಸಕ್ಕೂ ಅದೇ ಪರವಾನಗಿ ಹಾಕಿದೆ. ಬಹಳ ಹೆಮ್ಮೆಯಿಂದ ಹಾಕಿದೆ.

ಕಂಪನಿಯ ವಸ್ತುವಿಗೆ ಇಷ್ಟು ಜಾಗ್ರತೆ ಮಾಡಿದವನು ಮಾವನ ವಸ್ತುವಿಗೆ ಮಾಡಲಿಲ್ಲ. ಆ ಸುರಂಗ ನನ್ನದಲ್ಲ. ಅದರ ದಾರಿ ನನ್ನದಲ್ಲ. ದೈವವಂತೂ ನಾನು ಯಾರಿಗೂ ಕೊಡುವಂಥದ್ದೇ ಅಲ್ಲ. ಮಾವನನ್ನು ಒಂದು ಮಾತು ಕೇಳಲಿಲ್ಲ. ಸುಮ್ನೆ ಆಟ, ಕೇಳುವುದೇನು ಅನ್ನಿಸಿತ್ತು.

ಪಿಡಿಎಫ್ ಜೊತೆಗೆ ಒಂದು ಫೋಲ್ಡರಿನಲ್ಲಿ ಆಟಗಾರರಿಗೆ ತೋರಿಸಲು ಫೋಟೋಗಳನ್ನೂ ಇಟ್ಟಿದ್ದೆ. ಸುರಂಗದ ಬಾಯಿ, ಒಳಗಿನ ಕವಲು, ದಂಡೆ. ಫೋನಿನಲ್ಲಿ ತೆಗೆದ ಮೂಲ ಫೈಲುಗಳನ್ನೇ ಹಾಗೇ ಹಾಕಿದ್ದೆ. ಫೋನಿನಲ್ಲಿ ಜಾಗದ ಗುರುತು ಆನ್ ಇದ್ದರೆ ಪ್ರತಿ ಫೋಟೋದ ಒಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಸೇರಿಕೊಳ್ಳುತ್ತದೆ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಅದು ಹೋಗಿಬಿಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ, ಫೋಲ್ಡರಿನಲ್ಲಿ ಹಾಕಿದರೆ ಹಾಗೇ ಉಳಿಯುತ್ತದೆ. ನನಗೆ ಇದು ಗೊತ್ತಿರಲಿಲ್ಲ. ನಿಮ್ಮದನ್ನು ಈಗಲೇ ನೋಡಿಕೊಳ್ಳಿ. ಫೋಟೋದ ವಿವರ ತೆರೆದರೆ ಕೆಳಗೆ ಮ್ಯಾಪ್ ಕಾಣಿಸುತ್ತದೆ.

ಸಾಹಸ ಕೈಯಿಂದ ಕೈಗೆ ಹೋಯಿತು. ಯಾರೋ ಇಂಗ್ಲಿಷಿಗೆ ಮಾಡಿದರು. ಇನ್ಯಾರೋ ತಿದ್ದಿ ಹೊಸ ಆವೃತ್ತಿ ಮಾಡಿದರು. ಅದನ್ನು ಒಬ್ಬ ಗೆಳೆಯ ಕಳಿಸಿದಾಗ ಕೈ ನಡುಗಿತು. ಅದರಲ್ಲಿ ಗುಳಿಗನಿಗೆ 85 ಹಿಟ್ ಪಾಯಿಂಟು, ಅಂದರೆ ಅಷ್ಟು ಪೆಟ್ಟು ಕೊಟ್ಟರೆ ಬೀಳುತ್ತಾನೆ. ಕೊಂದರೆ ಬೆಳ್ಳಿಯ ಕಡ್ಸಲೆ (ದೈವದ ಕತ್ತಿ) ಸಿಗುತ್ತದೆ ಅಂತ ಬರೆದಿತ್ತು. ಕೆಳಗೆ ಮೂಲ ಲೇಖಕ ಅಂತ ನನ್ನ ಹೆಸರು. ಅತ್ತೆ ಪ್ರತಿ ಸಂಕ್ರಮಣಕ್ಕೆ ದೀಪ ಇಡುವ ಕಲ್ಲು ಅದು. ಬರೆದವರಿಗೆ ಅದು ಗೊತ್ತಿಲ್ಲ, ಅವರಿಗೆ ಅದು ಇನ್ನೊಂದು ರಾಕ್ಷಸ ಅಷ್ಟೇ. ತಿದ್ದಬಹುದು ಅಂತ ಪರವಾನಗಿ ಕೊಟ್ಟವನು ನಾನೇ.

ಆದರೂ ನಾನು ಸುಮ್ಮನಿದ್ದೆ. ಆವತ್ತೇ ಎಚ್ಚೆತ್ತುಕೊಳ್ಳಬೇಕಿತ್ತು.

ಜುಲೈ ತಿಂಗಳ ಒಂದು ಶನಿವಾರ. ಎರಡು ದಿನದಿಂದ ಬಿಡದೆ ಮಳೆ. ಮಧ್ಯಾಹ್ನ ಮಾವನ ನಾಯಿ ತೋಟದ ಕಡೆ ನಿಲ್ಲಿಸದೆ ಬೊಗಳಿತಂತೆ. ಮಾವ ಕೊಡೆ ಹಿಡಿದು ಹೋದರೆ ಸುರಂಗದ ಬಾಯಲ್ಲಿ ನಾಲ್ಕು ಜೊತೆ ಶೂ. ಒಳಗಿನಿಂದ ಯಾರೋ ಕೂಗುವ ಸದ್ದು. ಮಳೆಗಾಲದಲ್ಲಿ ಮಣ್ಣು ನೆನೆದು ಭಾರವಾಗಿರುತ್ತದೆ, ಮೇಲಿನದು ಕುಸಿಯಬಹುದು. ಆ ದಿನಗಳಲ್ಲಿ ಮಾವನೂ ಒಳಗೆ ಹೋಗುವುದಿಲ್ಲ. ಆದರೂ ಅವತ್ತು ಅರವತ್ತೆಂಟು ವರ್ಷದ ಮಾವ ಒಳಗೆ ಹೋದರು. ತೋಟದ ಕೆಲಸಕ್ಕೆ ಬಂದಿದ್ದ ಇನ್ನೊಬ್ಬರು ಹಗ್ಗ ಹಿಡಿದು ಹಿಂದೆ ಹೋದರು.

ಹುಡುಗರು ದೂರದ ಕಾಲೇಜಿನವರು. ಎರಡು ಬೈಕಿನಲ್ಲಿ ಬಂದಿದ್ದರು. ಫೋಟೋದಿಂದ ಜಾಗ ಹುಡುಕಿ, ನನ್ನ ದಾರಿಯ ವಿವರ ಓದಿಕೊಂಡು ತೋಟದೊಳಗೆ ಬಂದಿದ್ದಾರೆ. ಫೋನಿನ ಬೆಳಕಲ್ಲೇ ಒಳಗೆ ಹೋಗಿದ್ದಾರೆ. ಕೊನೆಯವರೆಗೆ ಹೋಗಿ, ಪೆಟ್ಟಿಗೆಯ ಜಾಗ ಇದೇ ಅಂತ ದಂಡೆಯನ್ನು ಕೈಯಲ್ಲಿ ಕೆದಕಿದ್ದಾರೆ. ನೆನೆದ ಜೇಡಿ ಒಮ್ಮೆಲೇ ಬಿಟ್ಟುಕೊಂಡು, ತಡೆದಿದ್ದ ನೀರೆಲ್ಲ ಮಣ್ಣಿನ ಸಮೇತ ಕಾಲಿಗೆ ಬಡಿದಿದೆ. ಒಬ್ಬ ಬಿದ್ದು ಪಾದದ ಗಂಟು ಉಳುಕಿಸಿಕೊಂಡ. ಅವನನ್ನು ಎಳೆಯಲು ಹೋಗಿ ಎಲ್ಲರೂ ಆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡರು. ಇನ್ನೊಬ್ಬನಿಗೆ ತಲೆ ಸುತ್ತಲು ಶುರುವಾಗಿತ್ತು.

ನಾನು ಹೋಗಿ ಮುಟ್ಟುವಾಗ ಎಲ್ಲರೂ ಹೊರಗೆ ಬಂದಿದ್ದರು. ಅತ್ತೆ ಅವರಿಗೆ ಬೈರಾಸು ಕೊಟ್ಟು, ಬಿಸಿ ಕಾಫಿ ಕೊಟ್ಟು ಜಗಲಿಯಲ್ಲಿ ಕೂರಿಸಿದ್ದರು. ಹುಡುಗರ ಬಗ್ಗೆ ನನಗೆ ಸಿಟ್ಟಿಲ್ಲ. ಹತ್ತೊಂಬತ್ತು ಇಪ್ಪತ್ತರ ಪ್ರಾಯ, ನಾನೂ ಹೋಗುತ್ತಿದ್ದೆನೇನೋ. ಕಾಲು ಉಳುಕಿದವನು ನಾನು ಯಾರೆಂದು ತಿಳಿದು, "ಅಣ್ಣ, ನಿಮ್ಮ ಗೇಮ್ ತುಂಬಾ ಚೆನ್ನಾಗಿದೆ" ಅಂದ. ನನಗೆ ಅವನ ಮುಖ ನೋಡಲಾಗಲಿಲ್ಲ. ತಲೆ ಸುತ್ತಿದ್ದ ಹುಡುಗನನ್ನು "ಮೊದಲೇ ಯಾಕೆ ತಿರುಗಿ ಬರಲಿಲ್ಲ" ಅಂತ ಕೇಳಿದೆ. "ನಿಮ್ಮ ರೂಲಿನಲ್ಲಿ ಮೊದಲ ಹಂತಕ್ಕೆ ಏನೂ ಆಗುವುದಿಲ್ಲ ಅಲ್ವಾ" ಅಂದ. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿರಬಹುದು. ಆದರೆ ಆ ಮಾತು ನನ್ನೊಳಗೆ ಕೂತಿದೆ. ಗಾಳಿಯಿಲ್ಲದ ಜಾಗದಲ್ಲಿ ಆರು ಹಂತಗಳಿಲ್ಲ. ತಲೆ ಸುತ್ತಿದವನು ಅಲ್ಲೇ ಬಿದ್ದರೆ ಎತ್ತಲು ಹೋದವನೂ ಬೀಳುತ್ತಾನೆ.

ಮಾವ ಬೈಯಲಿಲ್ಲ. ಎಲ್ಲರನ್ನೂ ಕಳಿಸಿದ ಮೇಲೆ ಕೆಂಪಗೆ ಹರಿಯುತ್ತಿದ್ದ ಪೈಪಿನ ಮುಂದೆ ನಿಂತು, "ನಿನ್ನ ಆಟಕ್ಕೆ ನನ್ನ ನೀರೇ ಬೇಕಿತ್ತಾ ಮಾರಾಯ?" ಅಂತ ಕೇಳಿದರು. ಮೂರು ವಾರ ಅತ್ತೆ ಪಕ್ಕದ ಮನೆಯ ಬಾವಿಯಿಂದ ಕೊಡದಲ್ಲಿ ನೀರು ತಂದರು. ನಾನೂ ಬೆಳಗ್ಗೆ ಸಂಜೆ ಹೋಗಿ ಹೊತ್ತೆ. ಮಳೆ ಬಿಟ್ಟ ಮೇಲೆ ಸುರಂಗ ಬಲ್ಲವರೊಬ್ಬರನ್ನು ಕರೆಸಿ ದಂಡೆ ಮತ್ತೆ ಕಟ್ಟಿಸಿದೆವು.

ಅದೇ ರಾತ್ರಿ ನಾನು ಹಾಕಿದ ಕಡೆಯಿಂದೆಲ್ಲ ಫೈಲು ತೆಗೆದೆ. ಆದರೆ ಹೊರಗೆ ಹೋದದ್ದು ಹೋಯಿತು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಒಮ್ಮೆ ಕೊಟ್ಟರೆ ಹಿಂದಕ್ಕೆ ಪಡೆಯಲು ಬರುವುದಿಲ್ಲ. ನೀವು ಹಂಚುವುದನ್ನು ನಿಲ್ಲಿಸಬಹುದು. ಆಗಲೇ ಪಡೆದವರು ನಿಯಮ ಪಾಲಿಸುತ್ತಾ ಹಂಚುತ್ತಲೇ ಇರಬಹುದು. ಹುಡುಕಿ ಹುಡುಕಿ ಎಲ್ಲರಿಗೂ ಬರೆದೆ. ಹೆಚ್ಚಿನವರು ವಿಷಯ ಕೇಳಿ ಕೂಡಲೇ ತೆಗೆದರು, ಅವರಿಗೆ ನಾನು ಋಣಿ. ಒಬ್ಬರು ತೆಗೆಯಲಿಲ್ಲ. ಪರವಾನಗಿಯ ಪ್ರಕಾರ ಅವರದ್ದೇ ಸರಿ. ಗುಳಿಗನನ್ನು ಕೊಲ್ಲುವ ಆವೃತ್ತಿಯಿಂದ ನನ್ನ ಹೆಸರನ್ನಾದರೂ ತೆಗೆಸಲು ಆಯಿತು. 4.0ದಲ್ಲಿ ಅದಕ್ಕೆ ದಾರಿ ಇದೆ, ಲೇಖಕ ಕೇಳಿದರೆ ಆದಷ್ಟು ಮಟ್ಟಿಗೆ ಹೆಸರು ತೆಗೆಯಲೇಬೇಕು. ತಿದ್ದಿದ್ದರೆ ತಿದ್ದಿದ್ದೇವೆ ಅಂತ ಹೇಳಬೇಕೆಂಬ ನಿಯಮವೂ ಇದೆ. ಬಹಳ ಜನ ಅದನ್ನು ಬರೆಯುವುದೇ ಇಲ್ಲ.

ನೀವು ಹಂಚುವವರಾದರೆ ಈ ವ್ಯತ್ಯಾಸ ತಿಳಿದಿರಲಿ. ಬರೀ ಬಿವೈ ಅಂದರೆ ಎಲ್ಲಕ್ಕೂ ಒಪ್ಪಿಗೆ. ಎನ್‌ಸಿ ಸೇರಿದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಎನ್‌ಡಿ ಸೇರಿದರೆ ತಿದ್ದಿದ್ದನ್ನು ಹಂಚುವಂತಿಲ್ಲ. ಇವು ಯಾವುವೂ ಮಾವನ ತೋಟಕ್ಕೆ ಬೇಲಿಯಾಗುವುದಿಲ್ಲ. ಪರವಾನಗಿ ನಿಮ್ಮ ಬರವಣಿಗೆಯ ಬಗ್ಗೆ ಮಾತ್ರ ಮಾತಾಡುತ್ತದೆ. ಯಾರದ್ದೋ ಮನೆ, ನೀರು, ನಂಬಿಕೆ ಅದರೊಳಗೆ ಇದ್ದರೆ ಹೊರಗೆ ಬಿಡುವ ಮೊದಲು ನೀವೇ ತೆಗೆಯಬೇಕು. ಮತ್ತೆ ಅವರನ್ನು ಕೇಳಬೇಕು.

ಆರು ತಿಂಗಳ ನಂತರ ಸಾಹಸವನ್ನು ಹೊಸದಾಗಿ ಬರೆದೆ. ಈ ಸಲ ಇಲ್ಲದ ಒಂದು ಸುರಂಗ ಕಟ್ಟಿದೆ, ಇಲ್ಲದ ಊರಿನಲ್ಲಿ. ಫೋಟೋ ಒಂದೂ ಇಲ್ಲ, ಎಲ್ಲ ತಂಗಿ ಬಿಡಿಸಿದ ಚಿತ್ರ. ದೈವ ಇಲ್ಲ. ಪೆಟ್ಟಿಗೆ ಗುಡ್ಡದ ಮೇಲಿದೆ. ನಿಜವಾದ ಸುರಂಗಕ್ಕೆ ಬಲ್ಲವರಿಲ್ಲದೆ ಹೋಗಬೇಡಿ, ಮಳೆಗಾಲದಲ್ಲಿ ಯಾರೂ ಹೋಗಬೇಡಿ ಅಂತ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿದೆ. ಮುದ್ರಿಸಿ ಮಾವನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ನೀರು ಹರಿಯುವ ಇಳಿಜಾರು ಒಂದು ಕಡೆ ಉಲ್ಟಾ ಆಗಿತ್ತು, ಪೆನ್ನಿನಲ್ಲಿ ಸರಿ ಮಾಡಿ ಕೊಟ್ಟರು.

ಹಳೆಯದು ಇನ್ನೂ ಅಲ್ಲಿ ಇಲ್ಲಿ ಓಡಾಡುತ್ತಿದೆ. ನಿಮ್ಮ ಹತ್ತಿರ ಇರುವ ಸುರಂಗದ ಸಾಹಸದಲ್ಲಿ ಬಸ್ ಸ್ಟಾಪಿನಿಂದ ಶುರುವಾಗುವ ನಕ್ಷೆ ಇದ್ದರೆ, ಹಲಸಿನ ಮರದ ಗುರುತು ಇದ್ದರೆ ಅದು ನಾನು ಮೊದಲು ಬರೆದದ್ದು. ದಯವಿಟ್ಟು ಆ ಪುಟವನ್ನೂ ಫೋಟೋಗಳ ಫೋಲ್ಡರನ್ನೂ ಅಳಿಸಿ, ಯಾರಿಂದ ಬಂತೋ ಅವರಿಗೂ ಹೇಳಿ. ಸುರಂಗದ ಬಾಯಿಗೆ ಮಾವ ಈಗ ಕಬ್ಬಿಣದ ಗೇಟು ಹಾಕಿ ಬೀಗ ಜಡಿದಿದ್ದಾರೆ. ಬಾವಲಿಗಳು ಹೋಗಿಬರಲು ಮೇಲೆ ಒಂದು ಗೇಣು ಬಿಟ್ಟಿದ್ದಾರೆ.