ಏಳು ವರ್ಷ ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ದೇನೆ: ತಿಂಗಳ ಲೆನ್ಸ್ ಬಿಟ್ಟು ದಿನದ ಲೆನ್ಸ್‌ಗೆ ಬಂದಿದ್ದು ಯಾಕೆ

ನನ್ನ ಕನ್ನಡಕದ ಪವರ್ ಎರಡೂ ಕಣ್ಣಿಗೆ ಮೈನಸ್ 5.5. ಕೆಲಸಕ್ಕೆ ಸೇರಿದ ವರ್ಷ ಲೆನ್ಸ್ ಶುರು ಮಾಡಿದೆ. ಮೊದಲ ನಾಲ್ಕು ವರ್ಷ ತಿಂಗಳಿಗೊಮ್ಮೆ ಬದಲಿಸುವ ಲೆನ್ಸ್, ಆಮೇಲಿನ ಮೂರು ವರ್ಷ ಬೆಳಿಗ್ಗೆ ಹಾಕಿ ರಾತ್ರಿ ಬಿಸಾಡುವ ಲೆನ್ಸ್. ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ, ದುಡ್ಡು ಹೊಂದಿಸಲು ಆಗುತ್ತದೆ ಅಂದರೆ ದಿನದ ಲೆನ್ಸ್ ತಗೊಳ್ಳಿ.

ತಿಂಗಳ ಲೆನ್ಸ್ ಕೆಟ್ಟದ್ದೇನಲ್ಲ. ನಂದು ಸಿಲಿಕೋನ್ ಹೈಡ್ರೋಜೆಲ್ ಅನ್ನುವ ಮೆತ್ತನೆ ವಸ್ತುವಿನ ಲೆನ್ಸ್, ಗಾಳಿ ಚೆನ್ನಾಗಿ ಒಳಗೆ ಬಿಡುತ್ತಿತ್ತು. ಇದು ಮುಖ್ಯ, ಯಾಕೆಂದರೆ ಕಣ್ಣಿನ ಮುಂದಿರುವ ಗಾಜಿನಂಥ ಪದರಕ್ಕೆ, ಅಂದರೆ ಕಾರ್ನಿಯಾಕ್ಕೆ, ರಕ್ತನಾಳ ಇಲ್ಲ. ಎಚ್ಚರ ಇರುವಾಗ ಅದು ಆಮ್ಲಜನಕವನ್ನು ಹೆಚ್ಚಾಗಿ ಹೊರಗಿನ ಗಾಳಿಯಿಂದಲೇ ತಗೊಳ್ಳಬೇಕು. ಕಷ್ಟ ಇರುವುದು ರಾತ್ರಿ ಲೆನ್ಸ್ ತೆಗೆದ ಮೇಲಿನ ಕೆಲಸದಲ್ಲಿ. ಅಂಗೈಯಲ್ಲಿಟ್ಟು ಸೊಲ್ಯೂಷನ್, ಅಂದರೆ ಲೆನ್ಸ್ ತೊಳೆದು ನೆನೆಸಿಡುವ ದ್ರವ, ಹಾಕಿ ಉಜ್ಜಬೇಕು, ತೊಳೆಯಬೇಕು, ಡಬ್ಬಿಯ ಹಳೇ ಸೊಲ್ಯೂಷನ್ ಪೂರ್ತಿ ಚೆಲ್ಲಿ ಹೊಸದು ತುಂಬಬೇಕು, ಮೂರು ತಿಂಗಳಿಗೊಮ್ಮೆ ಡಬ್ಬಿಯನ್ನೇ ಬದಲಿಸಬೇಕು. ನಾನು ತಪ್ಪದೇ ಮಾಡುತ್ತಿದ್ದೆ, ತೀರ್ಥಹಳ್ಳಿ ಹತ್ತಿರ ಅಕ್ಕನ ಮೈದುನನ ಮದುವೆಗೆ ಹೋಗುವ ತನಕ.

ಅಲ್ಲಿ ಸೊಲ್ಯೂಷನ್ ಮುಗಿಯಿತು. ಎರಡು ರಾತ್ರಿ ತಾನೇ ಅಂತ, ಡಬ್ಬಿಯಲ್ಲಿದ್ದ ಹಳೆಯದಕ್ಕೇ ಉಳಿದ ನಾಲ್ಕು ಹನಿ ಸೇರಿಸಿದೆ. ಡಬ್ಬಿಯನ್ನು ಬಚ್ಚಲಿನ ನಲ್ಲಿ ನೀರಲ್ಲಿ ತೊಳೆದೆ. ಬಾವಿ ನೀರು, ಕಣ್ಣಿಗೆ ಸ್ಫಟಿಕದ ಹಾಗೆ ಕಾಣುತ್ತಿತ್ತು. ಮೂರನೇ ದಿನ ಸಂಜೆ ಬಲಗಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚತೊಡಗಿತು. ಮಾರನೇ ದಿನ ಬೆಳಿಗ್ಗೆ ಕಿಟಕಿ ಕಡೆ ನೋಡಲು ಆಗಲಿಲ್ಲ. ಮೆಡಿಕಲ್ ಶಾಪಿನವರು ಮದ್ರಾಸ್ ಐ ಇರಬೇಕು ಅಂತ ಒಂದು ಡ್ರಾಪ್ಸ್ ಕೊಟ್ಟರು. ಹಾಕಿದೆ. ಕೆಂಪು ಕಡಿಮೆಯಾಯಿತು, ನೋವು ಜಾಸ್ತಿಯಾಯಿತು.

ಬೆಂಗಳೂರಿಗೆ ಬಂದು ಕಣ್ಣಿನ ಡಾಕ್ಟರ್ ಹತ್ತಿರ ಹೋದೆ. ಕಿತ್ತಳೆ ಬಣ್ಣದ ಕಾಗದದ ಪಟ್ಟಿಯನ್ನು ಕಣ್ಣಂಚಿಗೆ ಮುಟ್ಟಿಸಿ ನೀಲಿ ಬೆಳಕಲ್ಲಿ ನೋಡಿದರು. ಗಾಯ ಇರುವ ಜಾಗ ಮಾತ್ರ ಹಸಿರಾಗಿ ಹೊಳೆಯುತ್ತದಂತೆ. ಕಾರ್ನಿಯಾ ಮೇಲೆ ಹುಣ್ಣು. ನಾನು ಹಾಕಿದ್ದ ಡ್ರಾಪ್ಸ್ ಬಾಟಲಿ ತೋರಿಸಿದಾಗ ಅವರ ಮುಖವೇ ಬದಲಾಯಿತು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಅದು ಕೆಂಪನ್ನು ಇಳಿಸುತ್ತದೆ, ಜೊತೆಗೆ ರೋಗಾಣುವಿನ ವಿರುದ್ಧ ಹೋರಾಡುವ ಶಕ್ತಿಯನ್ನೂ ತಗ್ಗಿಸುತ್ತದೆ. ಫಂಗಸ್ ಸೋಂಕು ಆಗಿದ್ದರಂತೂ ಇನ್ನೂ ಕೆಟ್ಟದಾಗುತ್ತಿತ್ತು. ಹುಣ್ಣಿನಿಂದ ಸ್ವಲ್ಪ ಕೆರೆದು ಪರೀಕ್ಷೆಗೆ ಕಳಿಸಿದರು, ಬ್ಯಾಕ್ಟೀರಿಯಾ ಅಂತ ಬಂತು. ಎರಡು ದಿನ ಹಗಲೂ ರಾತ್ರಿ ಗಂಟೆಗೊಮ್ಮೆ ಡ್ರಾಪ್ಸ್. ಅಮ್ಮ ಅಲಾರಂ ಇಟ್ಟುಕೊಂಡು ಪಕ್ಕದಲ್ಲೇ ಕೂತಿದ್ದರು. ಗಾಯದ ಕಲೆ ಅಂಚಿನಲ್ಲಿ ಉಳಿಯಿತು. ನಡುವೆ ಉಳಿದಿದ್ದರೆ ದೃಷ್ಟಿಗೇ ಅಡ್ಡ ಬರುತ್ತಿತ್ತು.

ನೀರಿನ ವಿಷಯ ನನಗೆ ಸರಿಯಾಗಿ ಗೊತ್ತಾಗಿದ್ದು ಆಗಲೇ. ನಲ್ಲಿ, ಬಾವಿ, ಟ್ಯಾಂಕ್, ಈಜುಕೊಳ ಎಲ್ಲದರಲ್ಲೂ ಅಕಾಂತಮೀಬಾ ಅನ್ನುವ, ಕಣ್ಣಿಗೆ ಕಾಣದ ಜೀವಿ ಇರಬಹುದು. ಅದು ತನ್ನ ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಕ್ಲೋರಿನ್‌ಗೂ ಬಗ್ಗದೆ ಉಳಿಯುತ್ತದೆ, ಕಾರ್ನಿಯಾಕ್ಕೆ ಹತ್ತಿದರೆ ಚಿಕಿತ್ಸೆ ತಿಂಗಳುಗಟ್ಟಲೆ. ಕುಡಿಯುವ ಫಿಲ್ಟರ್ ನೀರೂ ಲೆನ್ಸ್‌ಗೆ ಬೇಡ. ಈಗ ಸ್ನಾನ ಮುಗಿಸಿ, ಕೈಯನ್ನು ಸೋಪಿನಲ್ಲಿ ತೊಳೆದು, ಪೂರ್ತಿ ಒರೆಸಿಕೊಂಡ ಮೇಲೇ ಲೆನ್ಸ್ ಮುಟ್ಟುತ್ತೇನೆ.

ದಿನದ ಲೆನ್ಸ್‌ಗೆ ಡಬ್ಬಿ ಇಲ್ಲ, ಸೊಲ್ಯೂಷನ್ ಇಲ್ಲ, ಹಾಗಾಗಿ ನನ್ನಂಥವರು ತಪ್ಪು ಮಾಡುವ ದೊಡ್ಡ ಜಾಗವೇ ಇಲ್ಲ. ಕೊರತೆಗಳಿವೆ. ತುಂಬಾ ತೆಳು, ಬೇಗ ಹರಿಯುತ್ತದೆ, ಉಲ್ಟಾ ಇದೆಯಾ ಸರಿ ಇದೆಯಾ ಗೊತ್ತಾಗುವುದಿಲ್ಲ. ಆಫೀಸಿನ ಎಸಿಯಲ್ಲಿ, ಹಾಕಿ ಒಂಬತ್ತು ಗಂಟೆ ಆಗುವಷ್ಟರಲ್ಲಿ ಕಣ್ಣು ಒಣಗುತ್ತದೆ. ಸ್ಕ್ರೀನ್ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ, ಅಲ್ವಾ. ಆಗ ನಾನು ಲೆನ್ಸ್ ತೆಗೆದು ಕನ್ನಡಕ ಹಾಕಿಕೊಳ್ಳುತ್ತೇನೆ. ಹಸಿಮೆಣಸಿನಕಾಯಿ ಹೆಚ್ಚುವ ದಿನವೂ ಕನ್ನಡಕವೇ. ರಾತ್ರಿ ಬಸ್ ಹತ್ತುವ ಮುಂಚೆ ಲೆನ್ಸ್ ತೆಗೆದುಬಿಡುತ್ತೇನೆ, ಯಾಕೆಂದರೆ ಹಾಕಿಕೊಂಡೇ ಮಲಗಿದರೆ ಸೋಂಕಿನ ಅಪಾಯ ಆರರಿಂದ ಎಂಟು ಪಟ್ಟು ಹೆಚ್ಚು ಅಂತ ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ.

ಕೊಳ್ಳುವಾಗ ಒಂದು ವಿಷಯ ನೋಡಿ. ಕನ್ನಡಕದ ಚೀಟಿ ಕೊಟ್ಟು ಲೆನ್ಸ್ ತರಬೇಡಿ. ಲೆನ್ಸ್ ಕಣ್ಣಿಗೇ ಅಂಟಿ ಕೂರುವುದರಿಂದ ದೊಡ್ಡ ಪವರ್ ಇದ್ದವರಿಗೆ ನಂಬರ್ ಬದಲಾಗುತ್ತದೆ. ನನ್ನ ಲೆನ್ಸ್ ಮೈನಸ್ 5.25. ಲೆನ್ಸ್ ಸರಿಯಾಗಿ ಕೂರಲು ಕಣ್ಣಿನ ಬಾಗು, ಅಗಲ ಕೂಡ ಅಳೆಸಬೇಕು.

ಖರ್ಚು ಎರಡೂ ಕಣ್ಣಿಗೆ ಸೇರಿ ನನಗೆ ದಿನಕ್ಕೆ ನೂರು ರೂಪಾಯಿ ಹತ್ತಿರ ಬೀಳುತ್ತದೆ. ಅದಕ್ಕೇ ವಾರಕ್ಕೆ ನಾಲ್ಕು ದಿನ ಮಾತ್ರ ಹಾಕುತ್ತೇನೆ, ಉಳಿದ ದಿನ ಕನ್ನಡಕ. ಅಷ್ಟು ಆಗುವುದಿಲ್ಲ ಅಂದರೆ ತಿಂಗಳ ಲೆನ್ಸ್‌ನಲ್ಲೇ ಇರಿ, ಊರಿಗೆ ಹೋಗುವಾಗ ಮಾತ್ರ ಸೊಲ್ಯೂಷನ್‌ನ ಒಂದು ಸಣ್ಣ ಬಾಟಲಿ ಮತ್ತು ಕನ್ನಡಕ ಬ್ಯಾಗಿನಲ್ಲಿರಲಿ.