ರೆಸ್ಯೂಮೆ ಸೋಸುವ ಎಐ: ಸ್ಕೋರ್ ಮುಚ್ಚಿಟ್ಟು ಬಳಸಿದರೆ ಒಳ್ಳೆಯದು

ಕೆಲಸಕ್ಕೆ ಬಂದ ರೆಸ್ಯೂಮೆಗಳನ್ನು ಓದಿ ಸೋಸಿಕೊಡುವ ಎಐ ಸಾಧನಗಳ ಫೀಚರ್‌ಗಳ ಪಟ್ಟಿ ಎಲ್ಲರೂ ನೋಡಿರುತ್ತೀರಿ, ಅದನ್ನು ಬಿಡೋಣ. ದಿನಾ ಬಳಸುವವರಿಗೆ ದೊಡ್ಡ ತಲೆನೋವು ಅಭ್ಯರ್ಥಿಯ ಹೆಸರಿನ ಪಕ್ಕದಲ್ಲೇ ಕಾಣುವ ಮ್ಯಾಚ್ ಸ್ಕೋರ್, ಅಂದರೆ ಹುದ್ದೆಗೆ ಎಷ್ಟು ಹೊಂದುತ್ತಾರೆಂದು ಯಂತ್ರ ಕೊಡುವ ಅಂಕ. 43 ಅಂತ ಕಣ್ಣಿಗೆ ಬಿದ್ದರೆ ಸಾಕು, ರೆಸ್ಯೂಮೆಯನ್ನು ತಪ್ಪು ಹುಡುಕುತ್ತಲೇ ಓದುತ್ತೇವೆ. 91 ಇದ್ದರೆ ಅದೇ ತಪ್ಪುಗಳು ಸಣ್ಣವಾಗಿ ಕಾಣುತ್ತವೆ.

ಆ 43 ಎಷ್ಟೋ ಸಲ ಯೋಗ್ಯತೆಯ ಅಳತೆಯೇ ಆಗಿರುವುದಿಲ್ಲ. ಎರಡು ಕಾಲಂ ಇರುವ ಪಿಡಿಎಫ್ ಅನ್ನು ಪಾರ್ಸರ್ (ಫೈಲಿನಿಂದ ಪಠ್ಯ ಹೆಕ್ಕುವ ಭಾಗ) ಅಡ್ಡಡ್ಡ ಓದಿಕೊಂಡು, ಎಡಗಡೆಯ ಕೌಶಲಗಳನ್ನು ಬಲಗಡೆಯ ಕಂಪನಿ ಹೆಸರು, ಇಸವಿಗಳ ಜೊತೆ ಕಲಸಿಬಿಡುತ್ತದೆ. ಆರು ವರ್ಷದ ಅನುಭವ ಸೊನ್ನೆ ಅಂತ ದಾಖಲಾಗುತ್ತದೆ. ಸ್ಕ್ಯಾನ್ ಮಾಡಿದ ಪ್ರತಿಯಾದರೆ ಒಂದಕ್ಷರವೂ ಸಿಗದಿರಬಹುದು. ಸ್ಕೋರ್ ಕಡಿಮೆ ಇದ್ದಾಗ ಮೊದಲು ಮೂಲ ಫೈಲನ್ನೂ ಯಂತ್ರ ಓದಿಕೊಂಡ ಪಠ್ಯವನ್ನೂ ಅಕ್ಕಪಕ್ಕ ತೆರೆದು ನೋಡಿ.

ಒಗ್ಗಿಹೋಗುವ ಕ್ರಮ ಹೀಗೆ: ಹುದ್ದೆಗೆ ಬೇಕೇಬೇಕಾದ ನಾಲ್ಕು ಅಂಶಗಳನ್ನು ಮೊದಲೇ ಬರೆದಿಡಿ. ಸ್ಕೋರ್ ಕಾಲಂ ಮರೆಮಾಡಿ. ಒಂದು ಸಲಕ್ಕೆ ಹತ್ತು ರೆಸ್ಯೂಮೆ, ಹೆಚ್ಚು ಬೇಡ. ಪ್ರತಿ ಅಂಶಕ್ಕೂ 0ಯಿಂದ 3ರವರೆಗೆ ಅಂಕ ಕೊಟ್ಟು, ಪಕ್ಕದಲ್ಲಿ ಒಂದು ಸಾಲಿನ ಕಾರಣ ಬರೆಯಿರಿ. ಹತ್ತೂ ಮುಗಿದ ಮೇಲೆ ಸ್ಕೋರ್ ತೆರೆಯಿರಿ.

ಇಲ್ಲಿಂದಾಚೆಗೆ ಈ ಸಾಧನದ ಮೇಲೆ ನಿಜಕ್ಕೂ ಪ್ರೀತಿ ಹುಟ್ಟುತ್ತದೆ. ನೀವು ತಳ್ಳಿಹಾಕಿದ್ದಕ್ಕೆ ಅದು 88 ಕೊಟ್ಟಿದ್ದರೆ ಮತ್ತೆ ಓದಿ. ಬೇಕಾದ ಅನುಭವ ಮೂರನೇ ಪುಟದ ಪ್ರಾಜೆಕ್ಟ್‌ಗಳ ನಡುವೆ ಅಡಗಿರುವುದುಂಟು. ದಣಿದ ಕಣ್ಣಿಗೆ ತಪ್ಪಿದ್ದನ್ನು ಹಿಡಿದುಕೊಡುವುದರಲ್ಲಿ ಇದು ಗಟ್ಟಿಗ.

ಆದರೆ ತಾನಾಗಿ ತಿರಸ್ಕರಿಸುವ ಆಯ್ಕೆಯನ್ನು ಮಾತ್ರ ಆನ್ ಮಾಡಲೇಬೇಡಿ. ಹಳೆಯ ನೇಮಕಾತಿಯಿಂದ ಕಲಿತ ಯಂತ್ರ ಹಳೆಯ ಪಕ್ಷಪಾತವನ್ನೂ ಕಲಿತಿರುತ್ತದೆ. ಅಮೆಜಾನ್‌ನ ಪ್ರಾಯೋಗಿಕ ಸಾಧನವೊಂದು ಮಹಿಳೆಯರ ಕ್ಲಬ್, ಮಹಿಳಾ ಕಾಲೇಜು ಎಂದಿದ್ದ ರೆಸ್ಯೂಮೆಗಳನ್ನು ಕೆಳಗಿಳಿಸುತ್ತಿತ್ತು ಎಂದು 2018ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ವರದಿ ಮಾಡಿತ್ತು. ತಿಂಗಳಿಗೊಮ್ಮೆ ಲೆಕ್ಕ ಹಾಕಿ: 50 ಪುರುಷರಲ್ಲಿ 20 ಮಂದಿ (ಶೇ 40), 50 ಮಹಿಳೆಯರಲ್ಲಿ 12 ಮಂದಿ (ಶೇ 24) ಮುಂದಿನ ಹಂತಕ್ಕೆ ಹೋಗಿದ್ದರೆ, 24ನ್ನು 40ರಿಂದ ಭಾಗಿಸಿದಾಗ ಬರುವ ಅನುಪಾತ 0.6. ಅಮೆರಿಕದ 1978ರ ನೇಮಕಾತಿ ಮಾರ್ಗಸೂಚಿಯಲ್ಲಿ ಇದು 0.8ಕ್ಕಿಂತ ಕಡಿಮೆಯಾದರೆ ತಾರತಮ್ಯದ ಶಂಕೆ. ಜೊತೆಗೆ ತಿರಸ್ಕೃತ ರಾಶಿಯಿಂದ 20 ರೆಸ್ಯೂಮೆಗಳನ್ನು ಯಾದೃಚ್ಛಿಕವಾಗಿ ಎತ್ತಿ, ಸ್ಕೋರ್ ನೋಡಿರದ ಸಹೋದ್ಯೋಗಿಯಿಂದ ಓದಿಸಿ.

ಒಂದು ಹುದ್ದೆಗೆ ಮೂವತ್ತು ನಲವತ್ತು ಅರ್ಜಿ ಬರುವ ಕಡೆ ಇದಕ್ಕೆ ದುಡ್ಡು ಹಾಕುವುದು ಬೇಡ. ಕುಳಿತರೆ ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಯುತ್ತದೆ. ನೂರಾರು ಬರುವವರು ಕೊಳ್ಳಬಹುದು, ಆದರೆ ಡೆಮೊದಲ್ಲೇ ಎರಡು ಕಾಲಂನ ಪಿಡಿಎಫ್ ಕೊಟ್ಟು ಪರೀಕ್ಷಿಸಿ, ಸ್ಕೋರ್ ಮರೆಮಾಡಲು ಬರುತ್ತದೆಯೇ ಎಂದು ಕೇಳಿ.